ಕಾಳಿಂಗರಾಯರ ರಸ್ತೆಯನ್ನು ಕಾಳಿಂಗರಾಯರಿಗೇ ಬಿಡಿ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ, ಐದೂ ನಗರ ಪಾಲಿಕೆಗಳ ಆಯುಕ್ತರಿಗೆ ಮತ್ತು ಆ ಪಾಲಿಕೆಗಳ ಸಭೆಯಲ್ಲಿ ಕೂರುವ ಸದಸ್ಯರಿಗೆ,

ವಿಷಯ: ಪಿ. ಕಾಳಿಂಗರಾವ್ ರಸ್ತೆಯ ಹೆಸರನ್ನು ಉಳಿಸುವ ಬಗ್ಗೆ, ಮತ್ತು ಕಲಾವಿದರ ಹೆಸರಿನಲ್ಲಿ ರಸ್ತೆಗಳನ್ನು ಮರುನಾಮಕರಣ ಮಾಡುವ ಬಗ್ಗೆ.

ಮಾನ್ಯರೇ,

ಬೆಂಗಳೂರಿನಲ್ಲಿ ಪಿ. ಕಾಳಿಂಗರಾವ್ ರಸ್ತೆ ಎಲ್ಲಿದೆ ಎಂದು ಕೇಳಿ ನೋಡಿ. ಹೆಚ್ಚಿನವರು ಗೊತ್ತಿಲ್ಲ ಎನ್ನುತ್ತಾರೆ. ಮಿಷನ್ ರೋಡ್ ಎಲ್ಲಿ ಎಂದು ಕೇಳಿದರೆ ಅವರೇ ಕೈ ತೋರಿಸಿ ದಾರಿ ಹೇಳುತ್ತಾರೆ. ಎರಡೂ ಒಂದೇ ರಸ್ತೆ. ಸಂಪಂಗಿರಾಮನಗರದ ಮಗ್ಗುಲಲ್ಲಿ ಹಾದುಹೋಗುವ ಆ ರಸ್ತೆಗೆ ಕನ್ನಡದ ದೊಡ್ಡ ಗಾಯಕರೊಬ್ಬರ ಹೆಸರನ್ನು ಈ ನಗರ ಇಟ್ಟಿತು. ಇಟ್ಟು, ಅಲ್ಲಿಗೆ ಬಿಟ್ಟಿತು. ಅಂಗಡಿಯ ಬೋರ್ಡುಗಳಲ್ಲಿ ಮಿಷನ್ ರೋಡ್, ಲಗ್ನಪತ್ರಿಕೆಯಲ್ಲಿ ಮಿಷನ್ ರೋಡ್, ಆಟೋದವರ ಬಾಯಲ್ಲಿ ಮಿಷನ್ ರೋಡ್. ಕಾಳಿಂಗರಾಯರ ಹೆಸರು ಕೆಲವು ಫಲಕಗಳಲ್ಲಿ, ಕೆಲವು ವಿಳಾಸಗಳಲ್ಲಿ ಮಾತ್ರ ಉಳಿದಿದೆ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಅದರ ಕೆಳಗೆ ಐದು ಪಾಲಿಕೆಗಳು ಬಂದವು. ವಾರ್ಡುಗಳು ಬದಲಾದವು. ಪಾಲಿಕೆ ಬದಲಾದರೆ ಬೋರ್ಡು ಬದಲಾಗುತ್ತದೆ, ಬೋರ್ಡು ಬದಲಾಗುವಾಗ ಹೆಸರಿನ ಮಾತು ಬಂದೇ ಬರುತ್ತದೆ. ಹೊಸದಾಗಿ ಗೆದ್ದು ಬರುವ ಸದಸ್ಯರಿಗೆ ಎಲ್ಲಕ್ಕಿಂತ ಸುಲಭವಾಗಿ ಮಾಡಲು ಸಿಗುವ ಕೆಲಸ ರಸ್ತೆಗೆ ಹೆಸರಿಡುವುದು. ಚರಂಡಿ ಸರಿಮಾಡಲು ಹಣ ಬೇಕು, ಟೆಂಡರ್ ಬೇಕು, ವರ್ಷಗಟ್ಟಲೆ ಓಡಾಟ ಬೇಕು. ಹೆಸರಿಡಲು ಒಂದು ನಿರ್ಣಯ ಸಾಕು. ಆ ನಿರ್ಣಯಗಳು ಒಂದರ ಹಿಂದೆ ಒಂದು ಬರುವ ಮೊದಲೇ ನನ್ನ ಮನವಿ ನಿಮ್ಮ ಮುಂದಿರಲಿ ಎಂದು ಬರೆಯುತ್ತಿದ್ದೇನೆ.

ಕಾಳಿಂಗರಾವ್ ರಸ್ತೆಯ ಬಗ್ಗೆ ನಾನು ಎರಡು ವಾದಗಳನ್ನು ಕೇಳಿದ್ದೇನೆ. ಒಂದು, ಯಾರೂ ಕರೆಯದ ಹೆಸರನ್ನು ಕಾಗದದಲ್ಲಿ ಇಟ್ಟುಕೊಂಡು ಏನು ಪ್ರಯೋಜನ, ಮಿಷನ್ ರೋಡ್ ಎಂದೇ ಅಧಿಕೃತವಾಗಿ ಬರೆದುಬಿಡಿ ಎನ್ನುವುದು. ಇನ್ನೊಂದು, ಹೇಗೂ ಹೆಸರು ನಿಂತಿಲ್ಲ, ಈಗಿನ ಜನಕ್ಕೆ ಗೊತ್ತಿರುವ ಕಲಾವಿದರ ಹೆಸರನ್ನಾದರೂ ಇಡಿ ಎನ್ನುವುದು. ಮೊದಲನೆಯ ವಾದದಲ್ಲಿ ನ್ಯಾಯವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಲು ಹೊರಟರೆ ಇಪ್ಪತ್ತು ವರ್ಷಕ್ಕೊಮ್ಮೆ ಪ್ರತಿ ರಸ್ತೆಯ ಹೆಸರನ್ನೂ ಬದಲಾಯಿಸಬೇಕಾಗುತ್ತದೆ. ಇವತ್ತು ಎಲ್ಲರಿಗೂ ಗೊತ್ತಿರುವ ನಟ ನಾಳೆಯ ಮಕ್ಕಳಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದವರಿಗೆ ನೆನಪಿಸಲಿ ಎಂದೇ ಅಲ್ವಾ ರಸ್ತೆಗೆ ಹೆಸರಿಡುವುದು?

ಕಾಳಿಂಗರಾಯರು ಯಾರು ಎಂದು ಈಗ ಎಷ್ಟು ಜನಕ್ಕೆ ಗೊತ್ತು? ಗೊತ್ತಿದ್ದವರು ಕ್ಷಮಿಸಬೇಕು, ನಾನು ಸ್ವಲ್ಪ ಹೇಳಲೇಬೇಕು. ಪಾಂಡೇಶ್ವರ ಕಾಳಿಂಗರಾವ್ ಹುಟ್ಟಿದ್ದು 1914ರಲ್ಲಿ, ಉಡುಪಿ ಸೀಮೆಯ ಆರೂರಿನಲ್ಲಿ. ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿದರು. ಆ ಕಾಲದ ಕಂಪನಿ ನಾಟಕದಲ್ಲಿ ನಟ ಎಂದರೆ ಹಾಡುಗಾರನೂ ಹೌದು. ಮೈಕು ಇಲ್ಲದ ರಂಗದ ಮೇಲೆ ನಿಂತು ಕೊನೆಯ ಸಾಲಿನವರಿಗೂ ಪದ ಬಿಡಿಸಿ ಕೇಳಿಸಬೇಕು. ಅಂಥ ಕಡೆ ಪಳಗಿದ ಕಂಠ ಅದು. ಮುಂದೆ ಅವರು ಸಿನಿಮಾಗಳಿಗೂ ಹಾಡಿದರು, ಸಂಗೀತ ಕೊಟ್ಟರು. ಆದರೆ ಕನ್ನಡಿಗರು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ.

ಅವರು ಕವಿಗಳ ಪದ್ಯವನ್ನು ಪುಸ್ತಕದಿಂದ ಎತ್ತಿ ಜನರ ಬಾಯಿಗೆ ಕೊಟ್ಟರು. ಕುವೆಂಪು, ಬೇಂದ್ರೆ, ಜಿ.ಪಿ. ರಾಜರತ್ನಂ ಇವರನ್ನೆಲ್ಲ ಓದಲು ಬಾರದವರೂ ಹಾಡಿಕೊಳ್ಳುವಂತೆ ಮಾಡಿದರು. ದಾಸರ ಪದ, ವಚನ, ಹಳ್ಳಿಯ ಹೆಂಗಸರ ಹಾಡು, ಯಾವುದನ್ನೂ ಬಿಡಲಿಲ್ಲ. ಶಾಸ್ತ್ರೀಯ ಸಂಗೀತ ಬಲ್ಲವರು ಅವರು. ಆದರೂ ಪದ್ಯದ ಮಾತು ಮರೆಯಾಗುವಷ್ಟು ಸಂಗೀತವನ್ನು ಅದರ ಮೇಲೆ ಹೇರಲಿಲ್ಲ. ಜೊತೆಯಲ್ಲಿ ಸೋಹನ್ ಕುಮಾರಿ, ಮೋಹನ್ ಕುಮಾರಿ ಹಾಡುತ್ತಿದ್ದರು. ಈಗ ನಾವು ಸುಗಮ ಸಂಗೀತ ಎಂದು ಕರೆಯುವ ಪ್ರಕಾರಕ್ಕೆ ಕನ್ನಡದಲ್ಲಿ ದಾರಿ ಹಾಕಿದವರು ಅವರು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಎಲ್ಲ ಆ ದಾರಿಯಲ್ಲಿ ಮುಂದೆ ಬಂದವರು. ಕಾಳಿಂಗರಾಯರು 1981ರಲ್ಲಿ ತೀರಿಕೊಂಡರು.

ಶಾಲೆಯ ವಾರ್ಷಿಕೋತ್ಸವದಲ್ಲಿ, ರಾಜ್ಯೋತ್ಸವದ ಪೆಂಡಾಲಿನಲ್ಲಿ, ಮದುವೆ ಮನೆಯಲ್ಲಿ ಹುಡುಗಿಯೊಬ್ಬಳು ಮೈಕು ಹಿಡಿದು ಭಾವಗೀತೆ ಹಾಡುತ್ತಾಳೆ. ಅವಳಿಗೆ ಕಾಳಿಂಗರಾಯರ ಹೆಸರು ಗೊತ್ತಿಲ್ಲದಿರಬಹುದು. ಹಾಡುವ ರೀತಿ ಮಾತ್ರ ಅಲ್ಲಿಂದಲೇ ಬಂದದ್ದು. ಇಂಥವರ ಹೆಸರನ್ನು ಜನ ಬಳಸುತ್ತಿಲ್ಲ ಎಂಬ ಕಾರಣಕ್ಕೆ ತೆಗೆದುಹಾಕುವುದು ಸರಿಯಲ್ಲ. ಬಳಸುವಂತೆ ಮಾಡುವ ಕೆಲಸವನ್ನು ನಾವು ಮಾಡಲೇ ಇಲ್ಲ. ಮಗುವಿಗೆ ಹೆಸರಿಟ್ಟು ಮನೆಯವರು ಯಾರೂ ಆ ಹೆಸರಿನಿಂದ ಕರೆಯದಿದ್ದರೆ ತಪ್ಪು ಮಗುವಿನದ್ದಲ್ಲ.

ಇನ್ನು ಮೊದಲನೆಯ ವಾದಕ್ಕೆ ಬರುತ್ತೇನೆ. ಮಿಷನ್ ರೋಡ್ ಎಂಬುದು ಯಾರೋ ದೊರೆ ಹೇರಿದ ಹೆಸರಲ್ಲ. ಕ್ರೈಸ್ತ ಮಿಷನ್ನಿನ ಶಾಲೆ, ಕಾಂಪೌಂಡು ಅಲ್ಲಿದ್ದವು, ಈಗಲೂ ಇವೆ. ಅಲ್ಲಿ ಓದಿದ ಮಕ್ಕಳು ಈ ಊರಿನಲ್ಲಿ ಎಷ್ಟೋ ಜನ ಇದ್ದಾರೆ. ಆ ಹೆಸರಿನಲ್ಲೂ ಊರಿನ ಚರಿತ್ರೆ ಇದೆ. ಅದನ್ನು ಒರೆಸಿಹಾಕಿ ಎಂದು ನಾನು ಕೇಳುವುದಿಲ್ಲ. ಕಾಳಿಂಗರಾಯರಿಗೆ ಗೌರವ ಸಲ್ಲಬೇಕಾದರೆ ಮಿಷನ್ ಶಾಲೆಯ ನೆನಪು ಅಳಿಯಬೇಕು ಎಂದೇನೂ ಇಲ್ಲ. ಎರಡನ್ನೂ ಇಟ್ಟುಕೊಳ್ಳಬಹುದು. ಅದಕ್ಕೆ ದಾರಿಯೂ ಈ ಊರಿನಲ್ಲೇ ಇದೆ.

ನಮ್ಮ ಮೆಟ್ರೋ ನಿಲ್ದಾಣಗಳನ್ನು ನೋಡಿ. ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್. ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು. ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ. ಗೌರವಿಸಬೇಕಾದವರ ಹೆಸರೂ ಇದೆ, ಜನಕ್ಕೆ ಜಾಗ ತಿಳಿಸುವ ಹೆಸರೂ ಇದೆ. ಯಾರೂ ದಾರಿ ತಪ್ಪಲಿಲ್ಲ, ಯಾರ ಮನಸ್ಸೂ ನೋಯಲಿಲ್ಲ. ಇದೇ ಕ್ರಮವನ್ನು ರಸ್ತೆಯ ಫಲಕಕ್ಕೂ ತನ್ನಿ. ದೊಡ್ಡ ಅಕ್ಷರದಲ್ಲಿ ಪಿ. ಕಾಳಿಂಗರಾವ್ ರಸ್ತೆ, ಅದರ ಕೆಳಗೆ ಸ್ವಲ್ಪ ಚಿಕ್ಕದಾಗಿ ಮಿಷನ್ ರಸ್ತೆ. ಒಂದು ತಲೆಮಾರು ಹಾಗೆ ಓದಿಕೊಂಡು ಓಡಾಡಲಿ.

ಆದರೆ ಫಲಕ ಹಾಕಿದ ಮಾತ್ರಕ್ಕೆ ಹೆಸರು ನಾಲಿಗೆಗೆ ಬರುವುದಿಲ್ಲ. ಈ ಊರಿನಲ್ಲಿ ಯಾವ ಹೆಸರು ನಿಂತಿತು, ಯಾವುದು ನಿಲ್ಲಲಿಲ್ಲ ಎಂದು ಗಮನಿಸಿದರೆ ತುಂಬಾ ಕಲಿಯಬಹುದು. ಸೌತ್ ಪೆರೇಡ್ ಎಂದರೆ ಈಗ ಯಾರಿಗೂ ತಿಳಿಯುವುದಿಲ್ಲ, ಎಂ.ಜಿ. ರೋಡ್ ಎಲ್ಲರಿಗೂ ಗೊತ್ತು. ಸೆನೊಟಾಫ್ ರಸ್ತೆ ನೃಪತುಂಗ ರಸ್ತೆಯಾಗಿದ್ದು ಪೂರ್ತಿ ನಿಂತಿದೆ. ಗ್ರಾಂಟ್ ರಸ್ತೆ ವಿಠಲ್ ಮಲ್ಯ ರಸ್ತೆಯಾಯಿತು, ಅದೂ ನಿಂತಿತು. ಅದೇ ಇನ್‌ಫೆಂಟ್ರಿ ರೋಡ್ ಭಗವಾನ್ ಮಹಾವೀರ ರಸ್ತೆಯಾಗಿದ್ದರೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ. ಕೆಂಗಲ್ ಹನುಮಂತಯ್ಯ ರಸ್ತೆಯನ್ನು ಡಬ್ಬಲ್ ರೋಡ್ ಎನ್ನುವವರೇ ಜಾಸ್ತಿ. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿಯ ಗತಿಯೇ ಹೀಗಾದರೆ ಹಾಡುಗಾರರ ಗತಿ ಏನು ಹೇಳಿ.

ಇನ್ನೊಂದು ಕಡೆ ನೋಡಿ. ಮೆಜೆಸ್ಟಿಕ್, ಮಿನರ್ವ ಸರ್ಕಲ್, ನವರಂಗ್. ಇವೆಲ್ಲ ಚಿತ್ರಮಂದಿರಗಳ ಹೆಸರು. ಮೆಜೆಸ್ಟಿಕ್ ಟಾಕೀಸ್ ಇಲ್ಲ, ಮಿನರ್ವ ಟಾಕೀಸ್ ಇಲ್ಲ. ಹೆಸರುಗಳು ಮಾತ್ರ ಗಟ್ಟಿಯಾಗಿ ನಿಂತಿವೆ. ಯಾವ ಪಾಲಿಕೆಯೂ ನಿರ್ಣಯ ಮಾಡಿ ಇಟ್ಟ ಹೆಸರುಗಳಲ್ಲ ಅವು. ಜನ ಸಿನಿಮಾ ನೋಡಲು ಅಲ್ಲಿ ಬಸ್ಸು ಇಳಿಯುತ್ತಿದ್ದರು, ಕಂಡಕ್ಟರ್ ಆ ಹೆಸರು ಕೂಗುತ್ತಿದ್ದ, ಅಷ್ಟೇ. ದಿನಕ್ಕೆ ನೂರು ಸಲ ಕಿವಿಗೆ ಬಿದ್ದ ಹೆಸರು ಬಾಯಿಗೆ ಬಂತು. ನನಗೆ ಕಾಣುವಂತೆ ಹೆಸರನ್ನು ಉಳಿಸುವ ಮುಖ್ಯ ಜಾಗ ರಸ್ತೆಯ ಮೂಲೆಯ ಫಲಕವಲ್ಲ, ಬಸ್ ನಿಲ್ದಾಣ. ಬಿಎಂಟಿಸಿಯ ನಿಲ್ದಾಣಗಳ ಪಟ್ಟಿಯಲ್ಲಿ, ಬಸ್ಸಿನೊಳಗಿನ ಧ್ವನಿಯಲ್ಲಿ ಕಾಳಿಂಗರಾಯರ ಹೆಸರು ಬರದೇ ಇದ್ದರೆ ಎಷ್ಟು ಫಲಕ ನೆಟ್ಟರೂ ಪ್ರಯೋಜನವಿಲ್ಲ. ಹೆಸರಿಟ್ಟ ಪಾಲಿಕೆ ಬಿಎಂಟಿಸಿಗೆ, ಅಂಚೆ ಇಲಾಖೆಗೆ, ಸಂಚಾರ ಪೊಲೀಸರಿಗೆ, ನಕ್ಷೆ ಮಾಡುವ ಕಂಪನಿಗಳಿಗೆ ಒಂದು ಪತ್ರ ಬರೆದು ಹೊಸ ಹೆಸರು ಸೇರಿಸಿ ಎಂದು ಕೇಳಬೇಕು. ಹಾರ ಹಾಕಿ, ಪರದೆ ಸರಿಸಿ, ಭಾಷಣ ಮಾಡಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಆ ದಿನ ಅದು ಶುರುವಾಗುತ್ತದೆ.

ಈಚೆಗೆ ಕಲಾವಿದರ ಹೆಸರಿಟ್ಟ ರಸ್ತೆಗಳ ಬಗ್ಗೆಯೂ ನನ್ನ ಅಭಿಪ್ರಾಯ ಹೇಳುತ್ತೇನೆ. 2023ರ ಫೆಬ್ರವರಿ 7ರಂದು ನಾಯಂಡಹಳ್ಳಿಯಿಂದ ಬನ್ನೇರುಘಟ್ಟ ರಸ್ತೆಯವರೆಗಿನ ಸುಮಾರು 12 ಕಿಲೋಮೀಟರ್ ವರ್ತುಲ ರಸ್ತೆಗೆ ಪುನೀತ್ ರಾಜ್‌ಕುಮಾರ್ ಅವರ ಹೆಸರಿಟ್ಟರು. ಇದು ಒಳ್ಳೆಯ ಆಯ್ಕೆ ಎಂದು ನನಗನಿಸುತ್ತದೆ. ಅದು ರಿಂಗ್ ರೋಡ್ ಆಗಿತ್ತು, ಯಾವ ವ್ಯಕ್ತಿಯ ಹೆಸರೂ ಅದಕ್ಕಿರಲಿಲ್ಲ. ಯಾರನ್ನೂ ಎಬ್ಬಿಸಿ ಅಪ್ಪು ಅವರನ್ನು ಅಲ್ಲಿ ಕೂರಿಸಲಿಲ್ಲ. ಬನಶಂಕರಿಯಿಂದ ಕೆಂಗೇರಿ ಕಡೆಗೆ ಹೋಗುವ ರಸ್ತೆಗೆ ವಿಷ್ಣುವರ್ಧನ್ ಅವರ ಹೆಸರಿಟ್ಟಿದ್ದೂ ಹಾಗೆಯೇ. ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಂತೂ ಜನರ ಮಾತಿನಲ್ಲಿ ಸೇರಿಹೋಗಿದೆ, ಈಗ ಅದಕ್ಕೆ ಬೇರೆ ಹೆಸರು ಊಹಿಸಲೂ ಆಗುವುದಿಲ್ಲ.

ರೇಸ್ ಕೋರ್ಸ್ ರಸ್ತೆಯ ವಿಷಯ ಸ್ವಲ್ಪ ಬೇರೆ. 2023ರ ಮಾರ್ಚ್‌ನಲ್ಲಿ ಅದಕ್ಕೆ ಅಂಬರೀಶ್ ಅವರ ಹೆಸರು ಬಂತು. ಅಂಬರೀಶ್ ಎಂದರೆ ನನಗೂ ಪ್ರೀತಿ. ಮಂಡ್ಯದ ಆ ಮನುಷ್ಯನ ದೊಡ್ಡ ಮನಸ್ಸಿನ ಕಥೆಗಳನ್ನು ಕೇಳದ ಕನ್ನಡಿಗರು ಕಡಿಮೆ. ಆದರೆ ರೇಸ್ ಕೋರ್ಸ್ ರಸ್ತೆ ಎಂಬುದು ಎದುರಿಗೇ ಕಾಣುವ ಜಾಗದ ಗುರುತು. ಕುದುರೆ ರೇಸಿನ ಮೈದಾನ ಅಲ್ಲಿ ಇರುವವರೆಗೆ ಜನ ಆ ಹೆಸರನ್ನು ಬಿಡುವುದು ಕಷ್ಟ. ಅಂಬರೀಶ್ ಅವರಿಗೂ ಕಾಳಿಂಗರಾಯರಿಗೆ ಆದದ್ದೇ ಆಗಬಾರದು ಎನ್ನುವುದು ನನ್ನ ಕಾಳಜಿ. ಗೌರವ ಕೊಡಲು ಹೋಗಿ ಯಾರೂ ಕರೆಯದ ಹೆಸರೊಂದನ್ನು ಅವರ ಪಾಲಿಗೆ ಇಟ್ಟಂತಾಗಬಾರದು. ಇಟ್ಟಾಗಿದೆ, ಇನ್ನು ತೆಗೆಯುವ ಮಾತು ಬೇಡ. ಅದನ್ನೂ ಎರಡು ಹೆಸರಿನ ಫಲಕ ಹಾಕಿ, ಬಸ್ಸಿನಲ್ಲಿ ಕೂಗಿಸಿ ಬದುಕಿಸಿ.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅದಾದ ಮೇಲೆ ಬಿಬಿಎಂಪಿ ಇರುವವರೆಗೂ ಚುನಾವಣೆ ಆಗಲಿಲ್ಲ. ಐದು ವರ್ಷ ನಗರವನ್ನು ನಡೆಸಿದ್ದು ಆಡಳಿತಾಧಿಕಾರಿಗಳು. ಪುನೀತ್ ಮತ್ತು ಅಂಬರೀಶ್ ಅವರ ಹೆಸರು ಈ ದೊಡ್ಡ ರಸ್ತೆಗಳಿಗೆ ಬಂದದ್ದು ಆ ಅವಧಿಯಲ್ಲೇ. ಆ ರಸ್ತೆಗಳಲ್ಲಿ ವಾಸಿಸುವವರ ಪರವಾಗಿ ಎದ್ದು ನಿಂತು ಮಾತಾಡಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಹೆಸರುಗಳು ಸರಿಯೇ ಇರಬಹುದು. ಚರ್ಚೆಯೇ ಇಲ್ಲದೆ ಬಂದ ಹೆಸರು ಜನರಿಗೆ ತಮ್ಮದು ಅನಿಸುವುದು ತಡ.

ಚರ್ಚೆ ಆದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರು ಉದಾಹರಣೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಪಾಲಿಕೆ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ಹೊಸ ಹೆಸರಿಡುವ ಪ್ರಕಟಣೆ ಕೊಟ್ಟು, 30 ದಿನದಲ್ಲಿ ಆಕ್ಷೇಪಣೆ ಸಲ್ಲಿಸಲು ಹೇಳಿತು. ಅದಕ್ಕೆ ಪ್ರಿನ್ಸೆಸ್ ರಸ್ತೆ ಎಂಬ ಹೆಸರು ಮೊದಲೇ ಇದೆ, ಅದು ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನದು ಎಂದು ಜನ ದಾಖಲೆ ಹಿಡಿದು ಮಾತಾಡಿದರು. ಆ ವಿಷಯದಲ್ಲಿ ಯಾರ ಪಕ್ಷ ಯಾವುದು ಎಂಬುದು ನನಗೆ ಮುಖ್ಯವಲ್ಲ. ಒಂದು ರಸ್ತೆಯ ಹಳೆಯ ಹೆಸರಿನ ಹಿಂದೆ ಯಾರಿದ್ದಾರೆ ಎಂದು ಒಂದು ಊರೇ ತಿಳಿದುಕೊಂಡಿತು. ಪ್ರಕಟಣೆ ಕೊಡದೆ, ಮೂವತ್ತು ದಿನ ಕಾಯದೆ, ಸುಮ್ನೆ ಫಲಕ ನೆಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ಪ್ರಕಟಣೆ ಎಂದರೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕುವುದಲ್ಲ. ಆ ರಸ್ತೆಯಲ್ಲೇ ಹಾಕಿ. ಹಾಲಿನ ಬೂತಿನ ಹತ್ತಿರ, ಬಸ್ ನಿಲ್ದಾಣದಲ್ಲಿ, ಶಾಲೆಯ ಗೇಟಿನ ಪಕ್ಕ ಹಾಕಿ. ಹೆಸರು ಬದಲಾದರೆ ಕಷ್ಟ ಬೀಳುವವರು ಅಲ್ಲಿನವರೇ. ಆಧಾರ್, ಬ್ಯಾಂಕಿನ ಕಾಗದ, ಖಾತಾ, ಜಿಎಸ್‌ಟಿ ನೋಂದಣಿ, ಅಂಗಡಿಯ ಲೈಸೆನ್ಸು, ಬಿಲ್ ಪುಸ್ತಕ, ಎಲ್ಲದರಲ್ಲೂ ವಿಳಾಸ ಇದೆ. ಒಂದರಲ್ಲಿ ಹಳೆ ಹೆಸರು, ಇನ್ನೊಂದರಲ್ಲಿ ಹೊಸ ಹೆಸರು ಇದ್ದರೆ ಕೌಂಟರಿನಲ್ಲಿ ಕೂತವರು ಕಾಗದ ವಾಪಸ್ ಕೊಡುತ್ತಾರೆ. ವಯಸ್ಸಾದವರು ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು ಬದಲಿಸುವ ಪಾಲಿಕೆಯೇ ಎರಡೂ ಹೆಸರು ಒಂದೇ ರಸ್ತೆಯದ್ದು ಎಂದು ದೃಢೀಕರಿಸುವ ಪತ್ರವನ್ನು ಉಚಿತವಾಗಿ, ಆನ್‌ಲೈನಿನಲ್ಲಿ ಸಿಗುವಂತೆ ಮಾಡಲಿ. ಅಷ್ಟು ಮಾಡಿದರೆ ಅರ್ಧ ವಿರೋಧ ತಾನಾಗಿಯೇ ತಗ್ಗುತ್ತದೆ.

ರಸ್ತೆಗೆ ನಟರ, ಹಾಡುಗಾರರ ಹೆಸರೇ ಯಾಕೆ, ದೇಶಕ್ಕೆ ದುಡಿದವರು ಬೇರೆ ಇಲ್ಲವೇ ಎಂದು ಕೇಳುವವರಿದ್ದಾರೆ. ಸೈನಿಕರಿಗೂ ವಿಜ್ಞಾನಿಗಳಿಗೂ ಇಡಿ, ಖಂಡಿತ ಇಡಿ. ಆದರೆ ಕಲಾವಿದರು ಎಂದರೆ ಬರೀ ಹೊತ್ತು ಕಳೆಸುವವರು ಎಂಬ ಮಾತನ್ನು ಒಪ್ಪಲಾರೆ. ಕನ್ನಡ ಆಡಲು ನಾಚುತ್ತಿದ್ದ ಕಾಲದಲ್ಲಿ, ದಂಡಿನ ಕಡೆ ಒಂದು ಭಾಷೆ ಪೇಟೆಯ ಕಡೆ ಒಂದು ಭಾಷೆ ಇದ್ದ ಈ ಊರಿನಲ್ಲಿ, ಕನ್ನಡವನ್ನು ಕಿವಿಗೆ ಹಿತವಾಗಿಸಿದವರು ಅವರು. ತಿರುಮಕೂಡಲಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಕೊಂಡು ನುಡಿಸಿದರು. ಅವರ ಹೆಸರಿನಲ್ಲಿ ಇಲ್ಲಿ ರಸ್ತೆ ಇದೆ, ಪಿಟೀಲಿನ ಆಕಾರದ ಸಭಾಂಗಣವೂ ಇದೆ. ಆ ಸಭಾಂಗಣ ಇರುವುದರಿಂದಲೇ ಚೌಡಯ್ಯ ಯಾರು ಎಂದು ಮಕ್ಕಳು ಕೇಳುತ್ತಾರೆ. ಕಾಳಿಂಗರಾಯರ ರಸ್ತೆಯಲ್ಲಿ ಹಾಗೆ ಕೇಳುವಂತೆ ಮಾಡುವ ಏನಾದರೂ ಒಂದು ಬೇಕು.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಜೆ.ಸಿ. ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರ ಇದೆ, ಕನ್ನಡ ಭವನ ಇದೆ. ನಾಟಕ ಅಕಾಡೆಮಿ, ಸಂಗೀತ ನೃತ್ಯ ಅಕಾಡೆಮಿಯವರು ಅಲ್ಲೇ ಇದ್ದಾರೆ. ಜೆ.ಸಿ. ಎಂದರೆ ಜಯಚಾಮರಾಜೇಂದ್ರ, ಅವರೂ ಕೃತಿಗಳನ್ನು ರಚಿಸಿದ ಸಂಗೀತಗಾರರು ಎಂಬುದು ಎರಡು ಅಕ್ಷರಗಳ ಹಿಂದೆ ಅಡಗಿಹೋಗಿದೆ. ಹಾಡು, ನಾಟಕ, ಕನ್ನಡ ಎಲ್ಲ ಸೇರುವ ಜಾಗದ ಪಕ್ಕದಲ್ಲೇ ಕಾಳಿಂಗರಾಯರ ರಸ್ತೆ ಇರುವುದು ನಮ್ಮ ಅದೃಷ್ಟ. ರಸ್ತೆಯ ಎರಡೂ ತುದಿಯಲ್ಲಿ ಅವರ ಚಿತ್ರ, ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಅವರು ಏನು ಮಾಡಿದರು ಎಂಬ ನಾಲ್ಕು ಸಾಲು ಇರುವ ಕಲ್ಲು ನಿಲ್ಲಿಸಿ. ನಾಲ್ಕು ಸಾಲನ್ನು ಅಕಾಡೆಮಿಯವರಿಂದ ಬರೆಸಿ. ಮೊಬೈಲ್ ಹಿಡಿದರೆ ಅವರ ಧ್ವನಿ ಕೇಳುವಂತೆ ಒಂದು ಕ್ಯೂಆರ್ ಕೋಡ್ ಅಂಟಿಸುವುದು ಈಗ ದೊಡ್ಡ ಖರ್ಚಿನ ಮಾತಲ್ಲ. ವರ್ಷಕ್ಕೊಂದು ಭಾನುವಾರ ಸಂಜೆ ಅಲ್ಲೇ ರಸ್ತೆಯ ಮೇಲೆ ಸುಗಮ ಸಂಗೀತದ ಕಾರ್ಯಕ್ರಮ ಇಡಿ. ಹಾಡಲು ಬರುವವರಿಗೆ ಈ ಊರಿನಲ್ಲಿ ಕೊರತೆ ಇಲ್ಲ.

ಅಭಿಮಾನಿ ಸಂಘಗಳ ಗೆಳೆಯರಿಗೂ ಒಂದು ಮಾತು. ನಿಮ್ಮ ಪ್ರೀತಿಯನ್ನು ನಾನು ಪ್ರಶ್ನಿಸುವುದಿಲ್ಲ. ಶಂಕರ್‌ನಾಗ್ ಹೋಗಿದ್ದು 1990ರಲ್ಲಿ. ಅವರ ಹೆಸರಿನ ಆಟೋ ನಿಲ್ದಾಣಗಳು ಈಗಲೂ ಊರೂರಿನಲ್ಲಿ ಇವೆ. ಆಟೋ ಚಾಲಕರು ತಾವೇ ಬೋರ್ಡು ಬರೆಸಿ, ತಾವೇ ಬಣ್ಣ ಹೊಡೆದು, ಪ್ರತಿ ವರ್ಷ ಹಾರ ಹಾಕಿ ಉಳಿಸಿಕೊಂಡ ಹೆಸರು ಅದು. ಅಂಥ ಪ್ರೀತಿ ಇದ್ದವರಿಗೆ ಇನ್ನೊಬ್ಬ ಕಲಾವಿದನ ಫಲಕ ತೆಗೆಸುವ ಅಗತ್ಯ ಇರುವುದಿಲ್ಲ. ನಿಮ್ಮ ನಟನ ಹೆಸರಿಗಾಗಿ ಮನವಿ ಕೊಡುವಾಗ ಆ ರಸ್ತೆಗೆ ಈಗಾಗಲೇ ಯಾರ ಹೆಸರಿದೆ ಎಂದು ಒಮ್ಮೆ ವಿಚಾರಿಸಿ. ಯಾರದ್ದಾದರೂ ಇದ್ದರೆ ಬೇರೆ ರಸ್ತೆ ಕೇಳಿ.

ಬೇರೆ ರಸ್ತೆ ಎಲ್ಲಿದೆ ಎಂದರೆ, ಬೇಕಾದಷ್ಟಿವೆ. ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಂದನೇ ಮೇನ್, ನಾಲ್ಕನೇ ಕ್ರಾಸ್ ಇದೆ. ಕೊರಿಯರ್ ಹುಡುಗರು, ಆಂಬುಲೆನ್ಸ್ ಓಡಿಸುವವರು ಯಾವ ಒಂದನೇ ಮೇನ್ ಎಂದು ಹುಡುಕಿ ಸುಸ್ತಾಗುತ್ತಾರೆ. ನಾಡಪ್ರಭು ಕೆಂಪೇಗೌಡ ಬಡಾವಣೆ, ಡಾ. ಶಿವರಾಮ ಕಾರಂತ ಬಡಾವಣೆಗಳಲ್ಲಿ ಮನೆಗಳು ಪೂರ್ತಿ ಏಳುವ ಮೊದಲೇ ರಸ್ತೆಗಳಿಗೆ ಹೆಸರಿಟ್ಟರೆ ಯಾರ ವಿಳಾಸವನ್ನೂ ತಿದ್ದಬೇಕಾಗಿಲ್ಲ. ಅಲ್ಲಿ ಮೊದಲ ಮನೆ ಕಟ್ಟಿದವರು ಮೊದಲ ದಿನದಿಂದಲೇ ಆ ಹೆಸರು ಹೇಳುತ್ತಾರೆ. ಕಾರಂತರ ಹೆಸರಿನ ಬಡಾವಣೆಯಲ್ಲಿ ಯಕ್ಷಗಾನದ ಭಾಗವತರ, ವೇಷಧಾರಿಗಳ ಹೆಸರಿನ ಬೀದಿಗಳು ಇದ್ದರೆ ಎಷ್ಟು ಚೆನ್ನ!

ಹೆಂಗಸರ ಹೆಸರುಗಳನ್ನು ನಾನು ಒತ್ತಿ ಕೇಳುತ್ತೇನೆ. ಬೆಂಗಳೂರು ನಾಗರತ್ನಮ್ಮನವರು ಈ ಊರನ್ನು ತಮ್ಮ ಹೆಸರಿನ ಮುಂದೆಯೇ ಇಟ್ಟುಕೊಂಡಿದ್ದ ಗಾಯಕಿ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಸ್ವಂತ ಗಳಿಕೆಯಿಂದ ಗುಡಿ ಕಟ್ಟಿಸಿದವರು. 1934ರಲ್ಲಿ ಬಂದ ಮೊದಲ ಕನ್ನಡ ಟಾಕಿಯ ನಾಯಕಿ ತ್ರಿಪುರಾಂಬ. ನಟಿಯಾಗಿ, ನಿರ್ಮಾಪಕಿಯಾಗಿ ಚಿತ್ರ ಮಾಡಿದವರು ಎಂ.ವಿ. ರಾಜಮ್ಮ. ಹೆಣ್ಣು ರಂಗಕ್ಕೆ ಬಂದರೆ ಊರು ಆಡಿಕೊಳ್ಳುತ್ತಿದ್ದ ದಿನಗಳಲ್ಲಿ ಅವರು ಬಂದರು. ಅವರಿಗೆ ಅಭಿಮಾನಿ ಸಂಘಗಳಿಲ್ಲ. ಮನವಿ ಹಿಡಿದು ನಿಮ್ಮ ಬಾಗಿಲಿಗೆ ಬರುವವರಿಲ್ಲ. ಅದಕ್ಕೇ ನೀವೇ ಮುಂದಾಗಿ ಮಾಡಬೇಕು.

ಹೆಸರನ್ನು ಚಿಕ್ಕದಾಗಿ ಇಡಿ ಎಂಬುದೂ ನನ್ನ ಕೋರಿಕೆ. ಬಿರುದು, ಡಾಕ್ಟರೇಟು, ಇನಿಷಿಯಲ್ಲು ಎಲ್ಲ ಸೇರಿಸಿ ಫಲಕ ತುಂಬಿಸಿದರೆ ಜನ ಅದನ್ನು ಎರಡು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿಬಿಡುತ್ತಾರೆ. ಕಾಳಿಂಗರಾವ್ ರಸ್ತೆ ಎಂದಿದ್ದರೆ ಸಾಕು.

ಇಷ್ಟನ್ನೂ ಯಾರು ನೋಡಿಕೊಳ್ಳಬೇಕು ಎಂದು ನೀವು ಕೇಳಬಹುದು. ಐದು ಪಾಲಿಕೆಗಳು ಐದು ರೀತಿಯಲ್ಲಿ ಹೆಸರಿಡುತ್ತಾ ಹೋದರೆ ಒಬ್ಬರೇ ನಟನ ಹೆಸರಿನ ಐದು ರಸ್ತೆಗಳಾಗಿ ಗೊಂದಲ ಜಾಸ್ತಿಯಾಗುತ್ತದೆ. ಆದ್ದರಿಂದ ಪ್ರಾಧಿಕಾರದ ಮಟ್ಟದಲ್ಲಿ ಒಂದೇ ಸಮಿತಿ ಇರಲಿ. ಚರಿತ್ರೆ ಬಲ್ಲವರು, ಎರಡೂ ಅಕಾಡೆಮಿಗಳವರು, ಅಂಚೆಯವರು, ಬಿಎಂಟಿಸಿಯವರು ಅದರಲ್ಲಿರಲಿ. ಒಬ್ಬ ವ್ಯಕ್ತಿಯ ಹೆಸರಿರುವ ರಸ್ತೆಗೆ ಇನ್ನೊಬ್ಬರ ಹೆಸರಿಡುವಂತಿಲ್ಲ ಎಂಬ ನಿಯಮವನ್ನು ಆ ಸಮಿತಿ ಮೊದಲು ಬರೆದಿಡಲಿ. ಈಗಾಗಲೇ ಕಲಾವಿದರ ಹೆಸರಿರುವ ರಸ್ತೆಗಳ ಪಟ್ಟಿ ಮಾಡಿ, ಪ್ರತಿಯೊಂದರ ಫಲಕ ಎಲ್ಲಿದೆ, ಎಲ್ಲಿ ಬಿದ್ದುಹೋಗಿದೆ, ಎಲ್ಲಿ ಪೋಸ್ಟರ್ ಅಂಟಿಸಿ ಮುಚ್ಚಿಹೋಗಿದೆ ಎಂದು ನೋಡಿ ಬರಲಿ. ಹೊಸ ಹೆಸರಿನ ಅರ್ಜಿಗಳನ್ನು ಆ ಪಟ್ಟಿ ಸಾರ್ವಜನಿಕರ ಮುಂದೆ ಬಂದ ಮೇಲೆ ತೆಗೆದುಕೊಳ್ಳಿ, ಅದಕ್ಕೆ ಮೊದಲು ಬೇಡ.

ಕಾಳಿಂಗರಾವ್ ರಸ್ತೆಯ ಎರಡು ಹೆಸರಿನ ಫಲಕ, ಬಸ್ ನಿಲ್ದಾಣದ ಹೆಸರು, ಮತ್ತು ಪರಿಚಯದ ಕಲ್ಲು, ಈ ಮೂರಕ್ಕೂ ನೀವು ಏನು ಮಾಡುತ್ತೀರಿ, ಯಾವಾಗ ಮಾಡುತ್ತೀರಿ ಎಂದು ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ಮಾಡಲು ಆಗದಿದ್ದರೆ ಕಾರಣ ತಿಳಿಸಿ. ಆ ರಸ್ತೆಯ ಅಂಗಡಿಯವರ, ಶಾಲೆಯವರ, ನಿವಾಸಿಗಳ ಸಭೆ ಕರೆಯುವುದಾದರೆ ಬಂದು ಕೂತು ಮಾತಾಡಲು ನಾನು ಸಿದ್ಧ. ಸಹಿ ಸಂಗ್ರಹಿಸಬೇಕಾದರೆ ಅದನ್ನೂ ಮಾಡುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಿವಾಸಿ